ಕ್ಯಾಂಪಸ್ ಫಿಟ್‌ನೆಸ್ ಕ್ಲಾಸಿನ ಫೀಸು ಅರ್ಧ ಮಾಡಿ ಅನ್ನುವ ಪ್ರಸ್ತಾವನೆ: ಒಪ್ಪೋದಾ, ಬಿಡೋದಾ?

ಹಾಳೆಗಂಟು (ಚರ್ಚೆ ಶುರು ಮಾಡಿದವರು)

ವಿದ್ಯಾರ್ಥಿ ಸಮಿತಿಯಲ್ಲಿ ನನ್ನ ತಲೆಗೆ ಬಂದ ಕೆಲಸ ಇದು. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿ ಐದು ಪುಟದ ಪ್ರಸ್ತಾವನೆ ಕೊಟ್ಟಿದ್ದಾಳೆ. ಯೋಗ, ಏರೋಬಿಕ್ಸ್, ಸ್ಟ್ರೆಂತ್ ಟ್ರೈನಿಂಗ್ ಮೂರಕ್ಕೂ ಫೀಸು ಅರ್ಧ ಆಗಬೇಕು ಅನ್ನುವುದು ಮುಖ್ಯ ಬೇಡಿಕೆ. ಉಳಿದರ್ಧ ಕಾಲೇಜು ಕೊಡಬೇಕು. ಅದರ ಖರ್ಚಿನ ಲೆಕ್ಕ ಎರಡನೇ ಪುಟದಲ್ಲಿದೆ. ಜೊತೆಗೆ, ಹೊರಗಿನ ಟ್ರೇನರ್ ಬದಲು ಕೆಲವು ಕ್ಲಾಸುಗಳನ್ನು ಹಿರಿಯ ವಿದ್ಯಾರ್ಥಿಗಳೇ ನಡೆಸಲಿ, ವಾರಕ್ಕೊಂದು ಕ್ಲಾಸು ಪೂರ್ತಿ ಉಚಿತ ಇರಲಿ ಅಂತ ಕೇಳಿದ್ದಾಳೆ. ಬರುವ ವಾರ ನಾನು ಇದರ ಮೇಲೆ ಒಂದು ಪುಟದ ಅಭಿಪ್ರಾಯ ಬರೆದುಕೊಡಬೇಕು.

ಓದಿದ ಕೂಡಲೇ ಒಪ್ಪಿಬಿಡೋಣ ಅನ್ನಿಸಿತು. ಆಮೇಲೆ ಸುಮ್ನೆ ಹಾಲ್ ನೋಡಿಕೊಂಡು ಬರೋಣ ಅಂತ ಹೋದೆ. ಕ್ಲಾಸ್ ಮುಗಿದಿತ್ತು, ಯಾರೂ ಇರಲಿಲ್ಲ. ಮೂಲೆಯಲ್ಲಿ 30 ಮ್ಯಾಟ್ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಮೇಲಿನ ಒಂದು ಡಜನ್ ಸವೆದು ಮಾಸಿವೆ, ಅಂಗೈ ಊರುವ ಜಾಗದಲ್ಲಿ ನುಣ್ಣಗಾಗಿವೆ. ಕೆಳಗಿನವನ್ನು ಎಳೆದು ನೋಡಿದರೆ ಇನ್ನೂ ಹೊಸ ರಬ್ಬರ್ ವಾಸನೆ. ಬಿಚ್ಚಿದರೆ ಮತ್ತೆ ತಾನೇ ಸುರುಳಿ ಸುತ್ತಿಕೊಳ್ಳುತ್ತದೆ.

ಅಂದರೆ ಹಾಲ್ ಇದೆ, ಮ್ಯಾಟ್ ಇದೆ, ಟ್ರೇನರ್ ಇದ್ದಾರೆ, ಜನ ಇಲ್ಲ. ಇದು ನಿಜವಾಗಲೂ ಫೀಸಿನ ಸಮಸ್ಯೆನಾ? ನಿಮಗೆ ಏನನ್ನಿಸುತ್ತದೆ ಹೇಳಿ.

ಕೊನೇ ಬೆಂಚು

ಕಡಿಮೆ ಮಾಡಿ ಅಂತ ಕೇಳಿದ್ದಾಳೆ, ಮಾಡಿ. ಇದರಲ್ಲಿ ಅಭಿಪ್ರಾಯ ಬರೆಯೋಕೆ ಏನಿದೆ? ಜಾಸ್ತಿ ಮಾಡಿ ಅಂತ ಯಾರಾದರೂ ಕೇಳಿದಾಗ ಸಮಿತಿ ಕೂರಿಸಿ.

ಲೆಕ್ಕದ ಪುಸ್ತಕ

ಹಾಳೆಗಂಟು, ಎರಡನೇ ಪುಟದ ಲೆಕ್ಕ ಹೇಗೆ ಮಾಡಿದ್ದಾಳೆ ಹೇಳುತ್ತೀರಾ? ಎಲ್ಲ ಅಲ್ಲೇ ಇರುತ್ತದೆ.

ಹಾಳೆಗಂಟು

"ಒಬ್ಬ ವಿದ್ಯಾರ್ಥಿಗೆ ತಗಲುವ ಖರ್ಚು ಇಷ್ಟು, ಅದರಲ್ಲಿ ಅರ್ಧವನ್ನು ಕಾಲೇಜು ಭರಿಸಿದರೆ ಸಾಕು" ಅಂತ ಬರೆದಿದ್ದಾಳೆ. ಆಮೇಲೆ ಅದನ್ನು 20 ಜನರಿಗೆ ಗುಣಿಸಿ ಒಟ್ಟು ಅನುದಾನ ತೋರಿಸಿದ್ದಾಳೆ.

ಲೆಕ್ಕದ ಪುಸ್ತಕ

ನೋಡಿ, ಇಲ್ಲೇ ಎಡವಿರುವುದು. ಅದೂ ಪಾಪ, ತನಗೇ ನಷ್ಟ ಆಗುವ ಹಾಗೆ ಎಡವಿದ್ದಾಳೆ.

ಟ್ರೇನರ್‌ಗೆ ಸಂಭಾವನೆ ಕೊಡುವುದು ತಲೆ ಲೆಕ್ಕದಲ್ಲಲ್ಲ, ಕ್ಲಾಸ್ ಲೆಕ್ಕದಲ್ಲಿ. ಒಂದು ಕ್ಲಾಸಿಗೆ 100 ಪಾಲು ಅಂತ ಇಟ್ಟುಕೊಳ್ಳಿ. 10 ಜನ ಬಂದರೆ ತಲೆಗೆ 10 ಪಾಲು. 20 ಜನ ಬಂದರೆ 5. 25 ಜನ ಬಂದರೆ 4. ಹಾಲ್‌ನ ದೀಪ, ಫ್ಯಾನು ಹೇಗೂ ಉರಿಯುತ್ತವೆ, ತಿರುಗುತ್ತವೆ. ಹನ್ನೊಂದನೆಯವರು ಬಂದು ಮ್ಯಾಟ್ ಹಾಸಿದರೆ ಕಾಲೇಜಿಗೆ ಹೊಸದಾಗಿ ಆಗುವ ಖರ್ಚು ಹೆಚ್ಚುಕಮ್ಮಿ ಸೊನ್ನೆ.

ಅವಳ ಲೆಕ್ಕದಲ್ಲಿ ಜನ ಹೆಚ್ಚಾದಷ್ಟೂ ಅನುದಾನ ಬೆಳೆಯುತ್ತದೆ. ಆಡಳಿತದವರು ಆ ಸಂಖ್ಯೆ ನೋಡಿದರೆ ಅಲ್ಲೇ ಫೈಲ್ ಮುಚ್ಚುತ್ತಾರೆ. ನಿಜದಲ್ಲಿ ಆಗುವುದು ಉಲ್ಟಾ. ಜನ ಹೆಚ್ಚಾದಷ್ಟೂ ಕಾಲೇಜಿನ ಹೊರೆ ಇಳಿಯುತ್ತದೆ. ಅರ್ಧ ಫೀಸಿಗೆ ಜನ ಎರಡರಷ್ಟಾದರೆ ಕಾಲೇಜು ಒಂದು ಪೈಸೆಯನ್ನೂ ಕೊಡಬೇಕಿಲ್ಲ.

ಪ್ರಶ್ನೆ ಇರುವುದು ಆ "ಆದರೆ"ಯಲ್ಲಿ. ಎರಡರಷ್ಟು ಆಗುತ್ತಾರಾ? ಆಗುತ್ತಾರೆ ಅನ್ನೋಕೆ ಏನು ಆಧಾರ ಕೊಟ್ಟಿದ್ದಾಳೆ?

ಹಾಳೆಗಂಟು

ಕ್ಯಾಂಟೀನ್ ಮುಂದೆ ನಿಂತು ಸಮೀಕ್ಷೆ ಮಾಡಿದ್ದಾಳೆ. "ಫೀಸು ಅರ್ಧ ಆದರೆ ಬರುತ್ತೀರಾ?" ಅಂತ ಪ್ರಶ್ನೆ. ಮುಕ್ಕಾಲು ಪಾಲು ಜನ ಹೂಂ ಅಂದಿದ್ದಾರೆ.

ತಲೆಹರಟೆ

ಹೂಂ ಅನ್ನೋಕೆ ಏನು ಕಷ್ಟ? ಕೈಯಲ್ಲಿ ಸಮೋಸಾ ಹಿಡಿದುಕೊಂಡು ನಿಂತವರನ್ನು "ವ್ಯಾಯಾಮ ಮಾಡುತ್ತೀರಾ" ಅಂತ ಕೇಳಿದರೆ ನಾಚಿಕೆಗಾದರೂ ಹೂಂ ಅಂತಾರೆ.

ತಮಾಷೆ ಬಿಡಿ. ಅರ್ಥಶಾಸ್ತ್ರದಲ್ಲಿ ಇದರ ಮೇಲೆ ಒಂದು ಹೆಸರಾಂತ ಅಧ್ಯಯನ ಇದೆ. 2006ರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಪ್ರಕಟಿಸಿದ್ದು. ಅಮೆರಿಕದ ಮೂರು ಹೆಲ್ತ್ ಕ್ಲಬ್ಬುಗಳ ಹಾಜರಿ ಲೆಕ್ಕ ತೆಗೆದು ನೋಡಿದರು. ತಿಂಗಳ ಪಾಸ್ ಕೊಂಡವರು ಸರಾಸರಿ ತಿಂಗಳಿಗೆ 4.3 ಸಲ ಬಂದಿದ್ದರು. ಅದೇ ಕ್ಲಬ್ಬಿನಲ್ಲಿ 10 ಭೇಟಿಯ ಕಾರ್ಡ್ ಕೂಡ ಸಿಗುತ್ತಿತ್ತು. ಲೆಕ್ಕ ಹಾಕಿದರೆ ತಿಂಗಳ ಪಾಸ್‌ನವರು ಒಂದೊಂದು ಭೇಟಿಗೆ ಆ ಕಾರ್ಡಿಗಿಂತ ಸುಮಾರು 70 ಪ್ರತಿಶತ ಜಾಸ್ತಿ ತೆತ್ತ ಹಾಗಾಯಿತು. ಯಾಕೆ ಹಾಗೆ ಮಾಡಿದರು? ದುಡ್ಡು ಕಟ್ಟುವ ದಿನ ಎಲ್ಲರಿಗೂ ತಾವು ದಿನಾ ಬರುವವರು ಅನ್ನಿಸುತ್ತದೆ.

ದುಡ್ಡು ಕಟ್ಟಿದವರ ಕಥೆಯೇ ಹೀಗೆ. ಬರೀ ಬಾಯಲ್ಲಿ ಹೂಂ ಅಂದವರನ್ನು ನಂಬಿ ಬಜೆಟ್ ಮಾಡಬೇಡಿ.

ಲ್ಯಾಬ್ ಕೋಟು

ನಾನು ಆ ಸಮೀಕ್ಷೆಯಲ್ಲಿ ಹೂಂ ಅಂದವಳು! ನಿಜ ಹೇಳಬೇಕೆಂದರೆ ಬರುವುದಿಲ್ಲ. ಕ್ಲಾಸ್ 5 ಗಂಟೆಗೆ ಶುರು. ನಮ್ಮ ಲ್ಯಾಬ್ ಮುಗಿಯುವುದೇ 5ಕ್ಕೆ. ಬೀಕರ್ ತೊಳೆದು, ಸಹಿ ಹಾಕಿಸಿಕೊಂಡು, ಬಟ್ಟೆ ಬದಲಿಸಿ ಹೋಗುವಷ್ಟರಲ್ಲಿ 5:25. ಒಳಗೆ ಹೋದರೆ ಎಲ್ಲರೂ ಅರ್ಧ ದಾರಿ ಮುಗಿಸಿರುತ್ತಾರೆ. ವಾರ್ಮಪ್ ಇಲ್ಲದೆ ನೇರ ಜಂಪಿಂಗ್. ಎರಡು ಸಲ ಹಾಗೆ ಹೋಗಿ ಮೂರನೇ ಸಲ ಹಾಸ್ಟೆಲ್‌ಗೆ ಹೋಗಿ ಮಲಗಿದೆ.

ಯಾರೂ ನನ್ನನ್ನು "ಎಷ್ಟು ಗಂಟೆಗೆ ಇದ್ದರೆ ಬರುತ್ತೀರಾ" ಅಂತ ಕೇಳಲಿಲ್ಲ. ಫೀಸಿನ ಬಗ್ಗೆ ಕೇಳಿದರು, ಹೂಂ ಅಂದೆ.

ಸೋಮಾರಿ ಸಂಘ

ನನಗೊಂದು ಮೂಲಭೂತ ಅನುಮಾನ. ಕ್ಯಾಂಪಸ್ ಸುತ್ತ ನಡೆದರೆ ಆಗಲ್ವಾ? ನಡೆಯೋಕೆ ಫೀಸಿಲ್ಲ.

ವಾರ್ಮಪ್

ಬೇರೊಂದು ಕ್ಯಾಂಪಸ್‌ನಲ್ಲಿ ಗುಂಪು ತರಗತಿ ನಡೆಸುವವಳು ನಾನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ.

ಮೊದಲು ಸೋಮಾರಿ ಸಂಘಕ್ಕೆ. ನಡೆಯುವುದು ಬಹಳ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಬೇಕು. ಬಿರುಸಿನದಾದರೆ 75ರಿಂದ 150 ನಿಮಿಷ. ಬೇಗ ಬೇಗ ನಡೆದರೆ ಇದು ಮುಗಿಯಿತು. ಆದರೆ ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ, ಎಲ್ಲರೂ ಮರೆಯುವುದು ಅದನ್ನೇ. ವಾರದಲ್ಲಿ ಕನಿಷ್ಠ 2 ದಿನ ದೊಡ್ಡ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ ಬೇಕು. ಅದು ನಡಿಗೆಯಿಂದ ಬರುವುದಿಲ್ಲ. ಮೂರು ಕ್ಲಾಸುಗಳಲ್ಲಿ ಯಾವುದಕ್ಕೆ ಮೊದಲು ರಿಯಾಯಿತಿ ಕೊಡಬೇಕು ಅಂತ ಕೇಳಿದರೆ ನಾನು ಸ್ಟ್ರೆಂತ್ ಅನ್ನುತ್ತೇನೆ. ಒಬ್ಬರೇ ಕಲಿಯೋಕೆ ಕಷ್ಟ ಇರುವುದು ಅದೇ.

ಇನ್ನು ಹಿರಿಯ ವಿದ್ಯಾರ್ಥಿಗಳೇ ಕ್ಲಾಸ್ ನಡೆಸುವ ವಿಷಯ. ನನಗೆ ಇದು ಇಷ್ಟವೂ ಆಯಿತು, ಭಯವೂ ಆಯಿತು. ನಾನೂ ಶುರು ಮಾಡಿದ್ದು ಹಾಗೆಯೇ. ಆಗ ಆದದ್ದನ್ನು ಹೇಳುತ್ತೇನೆ. ಸ್ಕ್ವಾಟ್ ತೋರಿಸುತ್ತಿದ್ದೆ. ನಾನು ಮುಂದೆ ನಿಂತು ಜೊತೆಗೇ ಮಾಡುತ್ತಾ ಎಣಿಸುತ್ತಿದ್ದೆ. ಮೊದಲ ಸಾಲು ಚೆನ್ನಾಗಿ ಮಾಡುತ್ತಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಪ್ರತಿ ಸಲ ಕೂರುವಾಗ ಹಿಮ್ಮಡಿ ಮೇಲೆತ್ತುತ್ತಿದ್ದ, ಮಂಡಿ ಒಳಕ್ಕೆ ಬಾಗುತ್ತಿತ್ತು. ನನಗೆ ಕಾಣಲೇ ಇಲ್ಲ. ಕ್ಲಾಸ್ ಮುಗಿದ ಮೇಲೆ ಅವನು ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿಯುವುದು ನೋಡಿದಾಗ ಗೊತ್ತಾಯಿತು.

ವ್ಯಾಯಾಮ ಬರುವುದು ಬೇರೆ, 20 ಜನರ ವ್ಯಾಯಾಮ ನೋಡುವುದು ಬೇರೆ. ಪಳಗಿದ ಟ್ರೇನರ್ ಎರಡು ಸಲ ಮಾಡಿ ತೋರಿಸಿ ಆಮೇಲೆ ಓಡಾಡುತ್ತಾರೆ. ಹೊಸಬರು ಪೂರ್ತಿ ಕ್ಲಾಸ್ ತಾವೇ ಮಾಡಿ ಬೆವರು ಹರಿಸುತ್ತಾರೆ. ಅದಕ್ಕೆ ನನ್ನ ಸಲಹೆ, ವಿದ್ಯಾರ್ಥಿಗಳು ಮುಂದೆ ನಿಲ್ಲುವುದು ಬೇಡ, ಹಿಂದಿನ ಸಾಲಿನಲ್ಲಿ ಸಹಾಯಕರಾಗಿ ನಿಲ್ಲಲಿ. ಒಂದು ಸೆಮಿಸ್ಟರ್ ಹಾಗೆ ಕಳೆಯಲಿ. ಪ್ರಥಮ ಚಿಕಿತ್ಸೆ, ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಉಪಚಾರ) ಕಲಿಯಲಿ. ಅವರಿಗೆ ಫೀಸು ಮಾಫಿ ಮಾಡಿ. ಖರ್ಚೂ ಇಲ್ಲ, 30 ಜನರನ್ನು ನೋಡಿಕೊಳ್ಳಲು ನಾಲ್ಕು ಕಣ್ಣು ಸಿಕ್ಕಂತಾಯಿತು.

ಲೆಕ್ಕದ ಪುಸ್ತಕ

ಇದು ಸರಿಯಾಗಿದೆ. ಟ್ರೇನರ್ ಖರ್ಚು ಉಳಿಸೋಕೆ ಹೋಗಿ ಒಬ್ಬರ ಮಂಡಿ ಹೋದರೆ ಆ ಪ್ರಸ್ತಾವನೆಯ ಕಥೆ ಅಲ್ಲಿಗೆ ಮುಗಿಯಿತು. ಮುಂದಿನ ಹತ್ತು ವರ್ಷ ಯಾರೂ ಇನ್ನೊಂದು ತರೋಕಾಗಲ್ಲ.

ಹಿಂದಿನ ಸಾಲು

ಇದನ್ನು ಬೇರೆ ಎಲ್ಲೂ ಹೇಳಿಲ್ಲ, ಇಲ್ಲಿ ಹೆಸರಿಲ್ಲ ಅಂತ ಹೇಳುತ್ತಿದ್ದೇನೆ. ಹಾಲ್ ಬಾಗಿಲು ಗಾಜಿನದು. ಹೊರಗೆ ಬಾಸ್ಕೆಟ್‌ಬಾಲ್ ಆಡುವವರು ನೀರು ಕುಡಿಯೋಕೆ ಬಂದು ಅಲ್ಲೇ ನಿಲ್ಲುತ್ತಾರೆ. ನನ್ನ ತೂಕ ಜಾಸ್ತಿ. ಬರ್ಪಿ (ನೆಲಕ್ಕೆ ಬಗ್ಗಿ, ಕಾಲು ಹಿಂದಕ್ಕೆ ಚಾಚಿ, ಮತ್ತೆ ಎದ್ದು ನೆಗೆಯುವ ವ್ಯಾಯಾಮ) ಮಾಡುವಾಗ ಏದುಸಿರು ಬಿಡುತ್ತಾ ತಲೆಯೆತ್ತಿದರೆ ಗಾಜಿನಾಚೆ ನಾಲ್ಕು ಮುಖ. ಅವರು ನನ್ನನ್ನೇ ನೋಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಮರುದಿನ ಹೋಗಲಿಲ್ಲ.

ಫೀಸು ಪೂರ್ತಿ ಕಟ್ಟಿದ್ದೆ. ಉಚಿತ ಕೊಟ್ಟರೂ ಹೋಗುತ್ತಿರಲಿಲ್ಲ.

ಕೊನೇ ಬೆಂಚು

ಆ ಗಾಜಿಗೆ ಒಂದು ಪರದೆ ಹಾಕೋಕೆ ಯಾವ ಸಮಿತಿ ಬೇಕು ಸ್ವಾಮಿ? ಈ ಇಡೀ ಚರ್ಚೆಯಲ್ಲಿ ಅತಿ ಅಗ್ಗದ ಪರಿಹಾರ ಇದೇ ಇರಬೇಕು.

ಎರಡನೇ ವರ್ಷ

ನಮಸ್ಕಾರ. ಆ ಐದು ಪುಟ ಬರೆದವಳು ನಾನೇ. ಗೆಳತಿ ಈ ಚರ್ಚೆ ತೋರಿಸಿದಳು. ಮೊದಲು ಸಿಟ್ಟು ಬಂತು, ಆಮೇಲೆ ಎರಡನೇ ಪುಟದ ಲೆಕ್ಕ ನೋಡಿ ತಲೆ ಚಚ್ಚಿಕೊಂಡೆ. ಅಷ್ಟು ಸುಲಭದ್ದು ನನಗೆ ಹೊಳೆಯಲಿಲ್ಲ.

ಆದರೆ "ಫೀಸಿನ ಸಮಸ್ಯೆ ಅಲ್ಲ" ಅಂತ ಎಲ್ಲರೂ ತೀರ್ಮಾನ ಮಾಡುತ್ತಿದ್ದೀರಲ್ಲ, ಅದನ್ನು ಒಪ್ಪುವುದಿಲ್ಲ. ನಾನು ಇದನ್ನು ಬರೆದದ್ದು ಯಾಕೆ ಅಂತ ಹೇಳಿಬಿಡುತ್ತೇನೆ. ಸೆಮಿಸ್ಟರ್ ಶುರುವಿನ ವಾರ ಹಾಸ್ಟೆಲ್ ಫೀಸು, ಮೆಸ್ ಅಡ್ವಾನ್ಸು, ಪರೀಕ್ಷಾ ಫೀಸು, ಪುಸ್ತಕ ಎಲ್ಲ ಒಟ್ಟಿಗೆ ಬರುತ್ತವೆ. ಕೌಂಟರ್ ಮುಂದೆ ನಾನು ಚಲನ್ನುಗಳನ್ನು ಒಂದರ ಮೇಲೊಂದು ಇಟ್ಟು ಕೂಡಿಸುತ್ತಿದ್ದೆ. ಮನೆಯಿಂದ ಕಳಿಸಿದ ದುಡ್ಡಿಗಿಂತ ಮೊತ್ತ ಜಾಸ್ತಿ ಆಯಿತು. ಯಾವುದಾದರೂ ಒಂದನ್ನು ತೆಗೆಯಬೇಕು. ಎಲ್ಲಕ್ಕಿಂತ ಕೆಳಗೆ ಫಿಟ್‌ನೆಸ್ ಚಲನ್ ಇತ್ತು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ಉಳಿದದ್ದು ಕಟ್ಟಿದೆ. ನನ್ನ ಹಿಂದೆ ನಿಂತಿದ್ದವಳೂ ಅದನ್ನೇ ಮಾಡಿದಳು.

ಎರಡು ತಿಂಗಳ ಮೇಲೆ ನನ್ನ ಹತ್ತಿರ ಸ್ವಲ್ಪ ದುಡ್ಡಿತ್ತು. ಸೇರೋಣ ಅಂತ ಕೇಳಿದರೆ "ಸೆಮಿಸ್ಟರ್ ಮಧ್ಯದಲ್ಲಿ ಸೇರಿಸಿಕೊಳ್ಳುವುದಿಲ್ಲ, ಬೇಕಾದರೆ ಪೂರ್ತಿ ಫೀಸು ಕಟ್ಟಿ" ಅಂದರು. ಅರ್ಧ ಸೆಮಿಸ್ಟರ್‌ಗೆ ಪೂರ್ತಿ ಫೀಸು!

ತಲೆಹರಟೆ

ತಡಿ ತಡಿ. ನಿನಗೆ ಕಷ್ಟ ಆದದ್ದು ಫೀಸು ಜಾಸ್ತಿ ಇದ್ದದ್ದಕ್ಕಲ್ಲ. ಒಂದೇ ವಾರದಲ್ಲಿ, ಒಂದೇ ಗಂಟಿನಲ್ಲಿ ಕೇಳಿದ್ದಕ್ಕೆ. ಅಲ್ವಾ?

ಎರಡನೇ ವರ್ಷ

ಹೂಂ… ಹಾಗೇ ಅನ್ನಿಸುತ್ತದೆ. ಆ ವಾರ ಅರ್ಧ ಫೀಸು ಇದ್ದಿದ್ದರೂ ಆ ಚಲನ್ ಜೇಬಿಗೇ ಹೋಗುತ್ತಿತ್ತೇನೋ.

ಹಾಳೆಗಂಟು

ಈ ಮಾತು ಐದು ಪುಟದಲ್ಲಿ ಎಲ್ಲೂ ಇಲ್ಲವಲ್ಲ ತಂಗಿ! ಇದೇ ಮೊದಲ ಪ್ಯಾರಾ ಆಗಬೇಕಿತ್ತು. ಮೊದಲ ಪ್ಯಾರಾದಲ್ಲಿ "ಆರೋಗ್ಯವೇ ಭಾಗ್ಯ" ಅಂತ ಬರೆದಿದ್ದೀಯ.

ಆದರೆ ನಾಲ್ಕನೇ ಪುಟದ ಕೊನೆಗೆ ಒಂದು ಸಾಲಿದೆ. "ಪರ್ಯಾಯವಾಗಿ 10 ತರಗತಿಗಳ ಕಾರ್ಡ್ ನೀಡುವುದನ್ನೂ ಪರಿಶೀಲಿಸಬಹುದು." ಅಷ್ಟೇ, ವಿವರಣೆ ಇಲ್ಲ. ಅದನ್ನು ಯಾಕೆ ಬರೆದೆ?

ಎರಡನೇ ವರ್ಷ

ಪುಟದ ಕೊನೆಗೆ ಜಾಗ ಉಳಿದಿತ್ತು. :)

ಲೆಕ್ಕದ ಪುಸ್ತಕ

ಜಾಗ ತುಂಬಿಸೋಕೆ ಬರೆದ ಆ ಸಾಲೇ ಇಡೀ ಪ್ರಸ್ತಾವನೆಯ ಜೀವ. ಕಾರ್ಡ್ ಇದ್ದರೆ ಯಾವಾಗ ಬೇಕಾದರೂ ಕೊಳ್ಳಬಹುದು. ಸಣ್ಣ ಮೊತ್ತ. ಪರೀಕ್ಷೆ ವಾರ ಹೋಗದಿದ್ದರೆ ಕಳೆದುಕೊಳ್ಳುವುದಿಲ್ಲ. ಕೆಳಗಿನ 18 ಮ್ಯಾಟುಗಳಲ್ಲಿ ಯಾವುದು ತೆರೆದರೂ ಕಾಲೇಜಿಗೆ ಬಂದದ್ದು ಲಾಭವೇ. ಒಂದೇ ಎಚ್ಚರ, ಸೆಮಿಸ್ಟರ್ ಪಾಸ್‌ನವರೆಲ್ಲ ಕಾರ್ಡಿಗೆ ಬಂದುಬಿಟ್ಟರೆ ಟ್ರೇನರ್‌ಗೆ ಕೊಡುವ ಖಾತ್ರಿ ದುಡ್ಡು ಕಡಿಮೆಯಾಗುತ್ತದೆ. ಅದಕ್ಕೆ ಕಾರ್ಡಿನಲ್ಲಿ ಒಂದು ಕ್ಲಾಸಿನ ದರ ಪಾಸ್‌ಗಿಂತ ತುಸು ಜಾಸ್ತಿ ಇರಬೇಕು. ಕಾಲೇಜಿನಿಂದ ಅನುದಾನ ಕೇಳಬೇಡಿ. ಒಂದು ಸೆಮಿಸ್ಟರ್ ಮಟ್ಟಿಗೆ ನಷ್ಟ ಆದರೆ ತುಂಬಿಕೊಡುತ್ತೇವೆ ಅನ್ನುವ ಭರವಸೆ ಕೇಳಿ. ಅವೆರಡೂ ಬೇರೆ ಬೇರೆ. ಎರಡನೆಯದಕ್ಕೆ ಸಹಿ ಬೇಗ ಬೀಳುತ್ತದೆ.

ಕೊನೇ ಬೆಂಚು

ಉಚಿತ ಕ್ಲಾಸಿನ ಕಥೆ ಏನಾಯಿತು? ಅದನ್ನು ಮೆಲ್ಲಗೆ ನುಂಗಿ ಹಾಕಬೇಡಿ. ಗ್ರಂಥಾಲಯಕ್ಕೆ ಎಲ್ಲರೂ ಕಟ್ಟುತ್ತಾರೆ, ನಾನು ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ನಾನೇನಾದರೂ ಗೊಣಗಿದೆನಾ? ಹಾಗೇ ಇದಕ್ಕೂ ಎಲ್ಲರೂ ಚೂರು ಚೂರು ಕಟ್ಟಿದರೆ ಎಲ್ಲ ಕ್ಲಾಸೂ ಉಚಿತ.

ಮಂಡಿನೋವು

ಗ್ರಂಥಾಲಯಕ್ಕೆ ನಾನು ಹೋಗಬಲ್ಲೆ. ಈ ಕ್ಲಾಸುಗಳಿಗೆ ಹೋಗಲಾರೆ. ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ, ಮೂರರಲ್ಲಿ ಒಂದೂ ನನಗೆ ಆಗುವಂಥದ್ದಲ್ಲ. ಎಲ್ಲರಿಂದಲೂ ವಸೂಲಿ ಮಾಡುವುದಾದರೆ ಕುರ್ಚಿ ಮೇಲೆ ಕೂತು ಮಾಡುವ ಒಂದು ಕ್ಲಾಸಾದರೂ ಇಡಿ. ಆಗ ಮಾತಾಡೋಣ.

ಕೊನೇ ಬೆಂಚು

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಾತು ವಾಪಸ್ ತಗೊಂಡೆ.

ವಾರ್ಮಪ್

ಕುರ್ಚಿ ಕ್ಲಾಸ್ ಖಂಡಿತ ಮಾಡಬಹುದು. ಕೈ, ಭುಜ, ಬೆನ್ನು, ಹೊಟ್ಟೆ ಎಲ್ಲಕ್ಕೂ ಕೂತಲ್ಲೇ ಒಳ್ಳೆಯ ಕೆಲಸ ಕೊಡಬಹುದು. ಆದರೆ ನಿಮ್ಮ ಮಂಡಿಗೆ ಏನು ಮಾಡಬಹುದು, ಏನು ಬೇಡ ಅನ್ನುವುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಬರೆಸಿಕೊಂಡು ಬನ್ನಿ.

ಉಚಿತ ಕ್ಲಾಸಿನ ಬಗ್ಗೆ ನನ್ನ ಅನುಭವ ಕಹಿ. ನಮ್ಮಲ್ಲಿ ಒಮ್ಮೆ ಮಾಡಿದ್ದೆವು. ಹೆಸರು ಬರೆಸುವ ಪಟ್ಟಿ ಅರ್ಧ ದಿನದಲ್ಲಿ ತುಂಬಿತು. ಬಂದವರು ಅರ್ಧಕ್ಕೂ ಕಡಿಮೆ. ಜಾಗ ಸಿಗಲಿಲ್ಲ ಅಂತ ವಾಪಸ್ ಹೋದವರು ಬಾಗಿಲಲ್ಲಿ ಖಾಲಿ ಮ್ಯಾಟ್ ನೋಡಿ ನನಗೆ ಬೈದರು. ಬರದಿದ್ದವರಿಗೆ ಸಣ್ಣ ದಂಡ ಹಾಕಿದರೆ ಸರಿಹೋಗುತ್ತದೆ ಅಂತ ಈಗಲೂ ಅನ್ನಿಸುತ್ತದೆ.

ತಲೆಹರಟೆ

ದಂಡ ಬೇಡ! 2000ದಲ್ಲಿ ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಅನ್ನುವವರು ಇಸ್ರೇಲಿನ ಶಿಶುವಿಹಾರಗಳಲ್ಲಿ ಮಾಡಿದ ಅಧ್ಯಯನ ಪ್ರಕಟಿಸಿದರು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿದರು. ತಡ ಮಾಡುವವರು ಕಡಿಮೆ ಆಗಲಿಲ್ಲ, ಜಾಸ್ತಿ ಆದರು. ಮೊದಲು ಮೇಷ್ಟ್ರನ್ನು ಕಾಯಿಸಿದೆವಲ್ಲ ಅನ್ನುವ ಸಂಕೋಚ ಇತ್ತು. ದಂಡ ಬಂದ ಮೇಲೆ ಅದೊಂದು ದರ ಆಯಿತು, ಕೊಟ್ಟರೆ ಮುಗಿಯಿತು. ದಂಡ ತೆಗೆದ ಮೇಲೂ ಹಳೇ ಸ್ಥಿತಿಗೆ ಬರಲಿಲ್ಲ.

ಉಚಿತ ಕ್ಲಾಸಿಗೆ ಹೆಸರು ಬರೆಸುವುದೇ ಬೇಡ. ಮೊದಲು ಬಂದವರಿಗೆ ಮ್ಯಾಟ್. 30 ಆದ ಮೇಲೆ ಬಾಗಿಲು ಹಾಕಿ. ಅದೂ ವಾರಕ್ಕೊಂದಲ್ಲ, ತಿಂಗಳಿಗೊಂದು ಸಾಕು, ರುಚಿ ನೋಡೋಕೆ.

ಹಾಳೆಗಂಟು

ಇಷ್ಟು ಹೊತ್ತಿಗೆ ನನ್ನ ಒಂದು ಪುಟ ತಲೆಯಲ್ಲಿ ಮೂಡಿದೆ. ಅರ್ಧ ಫೀಸನ್ನು ಈಗ ಒಪ್ಪುವುದಿಲ್ಲ. ತಿರಸ್ಕರಿಸುವುದೂ ಇಲ್ಲ, ಪ್ರಯೋಗ ಆದ ಮೇಲೆ ಮತ್ತೆ ನೋಡುತ್ತೇವೆ ಅಂತ ಬರೆಯುತ್ತೇನೆ. ಒಪ್ಪುವುದು 10 ಕ್ಲಾಸಿನ ಕಾರ್ಡ್, ಸಮಯ 5ರಿಂದ 5:45ಕ್ಕೆ ಬದಲಾವಣೆ, ಗಾಜಿಗೆ ಪರದೆ. ಹಿಂದಿನ ಸಾಲಿಗೆ ಇಬ್ಬರು ವಿದ್ಯಾರ್ಥಿ ಸಹಾಯಕರು. ಕುರ್ಚಿ ಕ್ಲಾಸ್ ಬಗ್ಗೆ ಟ್ರೇನರ್ ಹತ್ತಿರ ಮಾತಾಡುತ್ತೇನೆ, ಅವರ ಪರವಾಗಿ ನಾನು ಮಾತು ಕೊಡಲಾರೆ.

ಪ್ರಯೋಗ ಆರು ವಾರ. ಮುಂದಿನ ಸೆಮಿಸ್ಟರ್ ಮೊದಲ ದಿನವೇ ಶುರು ಮಾಡೋಣ ಅಂತಿದ್ದೇನೆ. ಸರಿನಾ?

ತಲೆಹರಟೆ

ತಪ್ಪು. ಸೆಮಿಸ್ಟರ್ ಶುರುವಲ್ಲಿ ಎಲ್ಲರೂ ಹೊಸ ಮನುಷ್ಯರಾಗಿರುತ್ತಾರೆ. 2014ರಲ್ಲಿ ಹೆಂಗ್ಚೆನ್ ಡಾಯ್, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ ಮೂವರೂ ಒಂದು ವಿಶ್ವವಿದ್ಯಾಲಯದ ಜಿಮ್ ಹಾಜರಿಯನ್ನೇ ನೋಡಿದ್ದರು. ವಾರದ ಶುರು, ತಿಂಗಳ ಶುರು, ವರ್ಷದ ಶುರು, ಸೆಮಿಸ್ಟರ್ ಶುರು, ಹೀಗೆ ಹೊಸದಾಗಿ ಏನಾದರೂ ಆರಂಭವಾದಾಗಲೆಲ್ಲ ಬರುವವರು ಏರುತ್ತಿದ್ದರು. ಮೊದಲ ವಾರ ಶುರು ಮಾಡಿದರೆ ಹಾಲ್ ತುಂಬುತ್ತದೆ, ನೀವು ಕಾರ್ಡ್ ಗೆದ್ದಿತು ಅಂತ ಕುಣಿಯುತ್ತೀರಿ. ಕಾರ್ಡೂ ಅಲ್ಲ, ಸಮಯವೂ ಅಲ್ಲ, ಬರೀ ಸೆಮಿಸ್ಟರ್ ಉತ್ಸಾಹ ಆಗಿರಬಹುದು. ನಾಲ್ಕನೇ ವಾರದಿಂದ ಶುರು ಮಾಡಿ. ಪರೀಕ್ಷೆಗೆ ಮುಂಚೆ ಮುಗಿಸಿ.

ಲೆಕ್ಕದ ಪುಸ್ತಕ

ಮತ್ತೆ, ಸಮಯ, ಪರದೆ, ಕಾರ್ಡ್ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಜನ ಬಂದರು ಅಂತ ಹೇಗೆ ಗೊತ್ತಾಗುತ್ತದೆ? ಸಮಯ ಮತ್ತು ಪರದೆ ಈಗಲೇ, ಈ ಸೆಮಿಸ್ಟರ್‌ನಲ್ಲೇ ಮಾಡಿ. ಅದಕ್ಕೆ ಯಾರ ಬಜೆಟ್ಟೂ ಬೇಕಿಲ್ಲ. ಕಾರ್ಡ್ ಮುಂದಿನ ಸೆಮಿಸ್ಟರ್. ಪ್ರತಿ ಕ್ಲಾಸಿನ ತಲೆ ಎಣಿಕೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಕಾರ್ಡ್ ಎಷ್ಟು ಮಾರಾಟ ಆಯಿತು ಅನ್ನುವುದನ್ನಲ್ಲ, ಎಷ್ಟು ಜನ ಎರಡನೇ ಕಾರ್ಡ್ ಕೊಂಡರು ಅನ್ನುವುದನ್ನು ನೋಡಿ. ನಾನು ನಂಬುವ ಸಂಖ್ಯೆ ಅದೊಂದೇ.

ಎರಡನೇ ವರ್ಷ

ಎಣಿಸುವ ಕೆಲಸ ನನಗೆ ಕೊಡಿ. ಸಹಾಯಕಿ ಆಗೋಕೂ ಸಿದ್ಧ, ಸಿಪಿಆರ್ ಕಲಿಯುತ್ತೇನೆ. ಮೊದಲ ಪ್ಯಾರಾ ತಿದ್ದಿ, ಎರಡನೇ ಪುಟದ ಲೆಕ್ಕ ಹೊಸದಾಗಿ ಮಾಡಿ ಭಾನುವಾರ ಕಳಿಸುತ್ತೇನೆ. ಐದು ಪುಟ ಎರಡಾಗಬಹುದು.

ಲ್ಯಾಬ್ ಕೋಟು

5:45 ಅಂದರೆ ನಾನು ಬರುತ್ತೇನೆ. ಈ ಸಲದ ಹೂಂ ನಿಜವಾದದ್ದು.

ಹಿಂದಿನ ಸಾಲು

ಪರದೆ ಹಾಕಿದ ದಿನ ಇಲ್ಲಿ ಒಂದು ಸಾಲು ಬರೆಯಿರಿ.

ವಾರ್ಮಪ್

ಹಾಳೆಗಂಟು, ಒಂದು ಸಣ್ಣ ವಿಷಯ. ಕೆಳಗಿನ ಆ ಹೊಸ ಮ್ಯಾಟುಗಳನ್ನು ಎರಡು ದಿನ ಮೊದಲೇ ಬಿಚ್ಚಿ, ಉಲ್ಟಾ ಹಾಸಿ, ನಾಲ್ಕು ಮೂಲೆಗೂ ಡಂಬೆಲ್ ಇಡಿ. ಸುರುಳಿ ಬಿಡದೆ ಹಾಗೇ ಹಾಸಿದರೆ ಮೂಲೆ ಎದ್ದು ಕಾಲಿಗೆ ಸಿಗುತ್ತದೆ. ಮೊದಲ ಸಲ ಬಂದವರೇ ಮುಗ್ಗರಿಸುತ್ತಾರೆ.